ಜೂಮ್ ಬೇಡವೆಂದ ಅಡುಗೆಯವನು

“ಗುರುಗಳೇ, ಪ್ರವಾಸಕ್ಕೆಂದು ಜೇಬಿನಲ್ಲಿ ಹಿಡಿಯುವಂಥ ಒಂದು ಕ್ಯಾಮೆರಾ ಕೊಳ್ಳಬೇಕು. ಕೈಯಲ್ಲಿರುವ ದುಡ್ಡು ಕಡಿಮೆ. ಯಾವುದನ್ನು ಆರಿಸಲಿ?”

ಕೇಳಿದವನು ಗಿರಿಮಲ್ಲ, ಮಠದ ಶಿಷ್ಯ. ಅವನು ಉತ್ತರದ ಕ್ಷೇತ್ರಗಳಿಗೆ ಹೊರಡುವವನಿದ್ದ. ಮಠದ ಶಿಷ್ಯರು ಮೊಬೈಲ್ ಇಟ್ಟುಕೊಳ್ಳುವಂತಿರಲಿಲ್ಲ; ಕ್ಯಾಮೆರಾಕ್ಕೆ ಮಾತ್ರ ಗುರುಗಳು ಒಪ್ಪಿದ್ದರು. ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದ ಮೇಲೆ ಅವನ ತಲೆ ಗೊಂದಲದ ಗೂಡಾಗಿತ್ತು. ಒಬ್ಬ ಜೂಮ್ ಮುಖ್ಯ ಎಂದಿದ್ದ. ಇನ್ನೊಬ್ಬ, ಜೂಮ್ ಏನೂ ಅಲ್ಲ, ಲೆನ್ಸ್ ನೋಡಿ ಎಂದಿದ್ದ. ಇನ್ನೂ ಒಬ್ಬ, ಮೇಲೆ ಸ್ವಲ್ಪ ದುಡ್ಡು ಹಾಕಿದರೆ ಚಿಂತೆಯೇ ಇಲ್ಲ ಎಂದು ನಕ್ಕಿದ್ದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಮೊರವನ್ನು ಸ್ವಲ್ಪ ಅವನ ಕಡೆಗೆ ತಳ್ಳಿ, “ಕೂತುಕೋ. ಒಬ್ಬ ಅಡುಗೆಯವನ ಕತೆ ಹೇಳುತ್ತೇನೆ” ಎಂದರು.

ಒಂದೂರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ ಮುಂಜಿಗಳಲ್ಲಿ ಒಲೆಯ ಮುಂದೆ ನಿಂತೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಒಮ್ಮೆ ಯಾತ್ರೆಗೆ ಜನರನ್ನು ಕರೆದೊಯ್ಯುವ ಮ್ಯಾನೇಜರೊಬ್ಬ ಅವನ ಮನೆಗೆ ಬಂದ. ನಮ್ಮ ಕಡೆಯ ಜನ ಎಲ್ಲಿಗೆ ಹೋದರೂ ಅವರಿಗೆ ಅನ್ನ ಸಾರು ಬೇಕು. ಹಾಗಾಗಿ ಅಂಥ ತಂಡಗಳ ಜೊತೆ ಅಡುಗೆಯವರೂ ಹೋಗುತ್ತಾರೆ. ಈ ತಂಡ ಹಿಮಾಲಯಕ್ಕೆ ಹೊರಟಿತ್ತು.

ಹಿಮ ನೋಡಬೇಕೆಂಬುದು ಅವನಿಗಿಂತ ಅವನ ಹೆಂಡತಿ ತುಂಗಾಳ ಆಸೆ. ಆದರೆ ಅವಳು ಹಿಂದೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ನಡಿಗೆ ಮೊದಲಿನಂತಾಗಿರಲಿಲ್ಲ. ಅಂಗಳ ದಾಟಲೂ ಕೋಲು ಬೇಕಿತ್ತು.

“ನೀನಿಲ್ಲದೆ ನಾನು ಹೋಗುವುದಿಲ್ಲ” ಎಂದ ಅಡುಗೆಯವನು.

“ಇಬ್ಬರೂ ಇಲ್ಲೇ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೆ ಜಗಲಿಯ ಮೇಲೆ ಹಿಮ ಬೀಳುತ್ತದೆಯೇನ್ರೀ? ಹೋಗಿ ಬನ್ನಿ. ಫೋಟೋ ತನ್ನಿ” ಎಂದಳು ತುಂಗಾ.

ಅವನ ಮೊಬೈಲ್ ಮಾತಾಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬರುತ್ತಿರಲಿಲ್ಲ. ಮ್ಯಾನೇಜರು ಕೊಟ್ಟ ಮುಂಗಡದಲ್ಲಿ ಮನೆಖರ್ಚಿಗೆ ತೆಗೆದಿಟ್ಟು, ಉಳಿದದ್ದನ್ನು ಹಿಡಿದು ಅವನು ಕ್ಯಾಮೆರಾ ಅಂಗಡಿಗೆ ಹೋದ. ಬದನೆಕಾಯಿ ಆರಿಸುವವನಂತೆ ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದ. ಅಂಗಡಿಯವನು ಉದ್ದ ಮೂತಿಯ ಒಂದನ್ನು ಮುಂದಿಟ್ಟ. “ಇದರ ಜೂಮ್ ನೋಡಿ. ಎಷ್ಟೇ ದೂರದ ಶಿಖರವಾದರೂ ಕೈಗೆ ಸಿಕ್ಕ ಹಾಗೆ ಕಾಣುತ್ತದೆ” ಎಂದ. ಅಡುಗೆಯವನಿಗೆ ಅದೇ ಸರಿ ಎನಿಸಿತು. ತಂದ ದುಡ್ಡೆಲ್ಲ ಅದಕ್ಕೇ ಆಯಿತು.

ಮನೆಗೆ ಬಂದವನೇ ತುಂಗಾಳನ್ನು ಕೂಗಿದ. ಬೀದಿಯ ಕೊನೆಯ ಹುಣಸೆಮರದ ಮೇಲೆ ಕೂತಿದ್ದ ಕಾಗೆಯ ಫೋಟೋ ತೆಗೆದು ತೋರಿಸಿದ. ಕಾಗೆಯ ಕಣ್ಣು ಕೂಡ ಕಾಣುತ್ತಿತ್ತು.

“ಚೆನ್ನಾಗಿದೆ. ಇದರಲ್ಲಿ ಬೆಟ್ಟ ಹತ್ತಿರ ಬರುತ್ತದೆ, ಸರಿ. ನೀವೆಲ್ಲಿರುತ್ತೀರಿ?” ಎಂದು ಕೇಳಿದಳು.

“ನಾನು ಕ್ಯಾಮೆರಾದ ಹಿಂದೆ ಇರುತ್ತೇನೆ. ಇನ್ನೆಲ್ಲಿರಲಿ?”

“ಹಿಮದ ಬೆಟ್ಟವನ್ನು ನಾನು ಕ್ಯಾಲೆಂಡರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಿಮ ಮುಟ್ಟಿದಾಗ ನಿಮ್ಮ ಮುಖ ಹೇಗಾಗುತ್ತದೆ ಅನ್ನುವುದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ನನಗೆ ಅದು ಬೇಕು.”

ಅವನು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಹಾಗಿದ್ದರೆ ನನ್ನದೊಂದು ತೆಗೆ ನೋಡೋಣ ಎಂದ. ಅವಳು ಒಂದು ಗುಂಡಿ ಒತ್ತಿದಳು, ಮೂತಿ ಉದ್ದವಾಯಿತು. ಇನ್ನೊಂದು ಒತ್ತಿದಳು, ಏನೇನೋ ಅಕ್ಷರಗಳು ಮೂಡಿದವು. ಕೊನೆಗೆ ಬಂದದ್ದು ಅವಳದೇ ಸೀರೆಯ ಅಂಚಿನ ಫೋಟೋ. ಇಬ್ಬರೂ ನಕ್ಕರು. ಆದರೆ ಅಡುಗೆಯವನಿಗೆ ಒಂದು ಮಾತು ಹೊಳೆಯಿತು: ದಾರಿಯಲ್ಲಿ ತನ್ನ ಫೋಟೋ ತೆಗೆಯಬೇಕಾದವರು ಅಪರಿಚಿತರು. ಮನೆಯವಳಿಗೇ ಬಗ್ಗದ ಯಂತ್ರ ಅವರಿಗೆ ಬಗ್ಗುತ್ತದೆಯೇ?

ಮರುದಿನ ಅವನು ಅಂಗಡಿಗೆ ಮರಳಿದ. “ಯಾರ ಕೈಗೆ ಕೊಟ್ಟರೂ ಒಂದೇ ಗುಂಡಿ ಒತ್ತಿದರೆ ಫೋಟೋ ಬರಬೇಕು. ಅಂಥದ್ದು ಕೊಡಿ” ಎಂದ.

“ಅಂಥದ್ದು ಈ ಪುಟ್ಟದು. ಆದರೆ ಇದಕ್ಕೆ ಹೇಳಿಕೊಳ್ಳುವಂಥ ಜೂಮ್ ಇಲ್ಲ” ಎಂದ ಅಂಗಡಿಯವನು.

“ನನಗೆ ಜೂಮ್ ಬೇಡ. ಮನುಷ್ಯರು ಹತ್ತಿರವೇ ನಿಲ್ಲುತ್ತಾರೆ.”

ಅಂಗಡಿಯವನು ಗೊಣಗುತ್ತಲೇ ಬದಲಿಸಿಕೊಟ್ಟ. ಪುಟ್ಟ ಕ್ಯಾಮೆರಾ ಅಂಗಿಯ ಜೇಬಿನಲ್ಲಿ ಸಲೀಸಾಗಿ ಕೂತಿತು. ಮಿಕ್ಕ ದುಡ್ಡಿಗೆ ಇನ್ನೊಂದು ಬ್ಯಾಟರಿ ಬಂತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮೈಗೆ ತಾಗುವಂತೆ ಒಳಜೇಬಿನಲ್ಲಿ ಇಟ್ಟುಕೊಳ್ಳಿ ಎಂದು ಅಂಗಡಿಯವನೇ ಹೇಳಿಕೊಟ್ಟ.

ಅಡುಗೆಯವನಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೆ ಕ್ಯಾಮೆರಾ ಮುಂದೆ ಚಾಚಿ “ಫೋಟೋ” ಎಂದರೆ ಸಾಕು, ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ರೈಲಿನಲ್ಲಿ ಎದುರು ಕೂತಿದ್ದ ಮುದುಕ ತೆಗೆದ. ನದಿಯ ದಂಡೆಯಲ್ಲಿ ಹೂ ಮಾರುವವಳು ತೆಗೆದಳು. ರಜೆಗೆ ಊರಿಗೆ ಹೊರಟಿದ್ದ ಸೈನಿಕನೊಬ್ಬ, ಇವನು ದೊಡ್ಡ ಹಂಡೆಯಲ್ಲಿ ಸಾರು ಕಲಕುವಾಗ ತೆಗೆದ. ಒಂದರಲ್ಲಿ ನದಿ ಓರೆಯಾಗಿತ್ತು, ಒಂದರಲ್ಲಿ ತೆಗೆದವರ ಹೆಬ್ಬೆರಳು ಬಂದಿತ್ತು, ಒಂದರಲ್ಲಿ ಇವನ ತಲೆಯೇ ಇರಲಿಲ್ಲ. ಅವನು ಯಾವುದನ್ನೂ ಅಳಿಸಲಿಲ್ಲ.

ಕೊನೆಗೆ ಹಿಮ ಬಂತು. ರಸ್ತೆಯ ಪಕ್ಕದಲ್ಲಿ ಬಸ್ಸುಗಳು ನಿಂತಿದ್ದವು. ಅವನು ಬೆಟ್ಟದ ಸೀಮೆಯ ಒಬ್ಬ ಹೆಂಗಸಿನ ಕೈಗೆ ಕ್ಯಾಮೆರಾ ಕೊಟ್ಟು, ಹಿಮದ ಮೇಲೆ ಕಾಲಿಟ್ಟ. ಇಟ್ಟವನೇ ಜಾರಿ ಕುಕ್ಕರಿಸಿದ. ಸರಿಯಾಗಿ ಆ ಗಳಿಗೆಯಲ್ಲಿ ಆಕೆ ಗುಂಡಿ ಒತ್ತಿದಳು. ಸುತ್ತ ನಿಂತವರೆಲ್ಲ ನಕ್ಕರು, ಅವನೂ ನಕ್ಕ. ಅಷ್ಟರಲ್ಲಿ ಆಕೆಯ ಬಸ್ಸು ಹಾರ್ನ್ ಹೊಡೆಯಿತು. ಆಕೆ ಗಡಿಬಿಡಿಯಲ್ಲಿ ಓಡಿ ಹತ್ತಿದಳು. ಕ್ಯಾಮೆರಾ ಆಕೆಯ ಕೈಯಲ್ಲೇ ಇತ್ತು.

ಅಡುಗೆಯವನು ಎದ್ದು ಓಡಿದ, ಮತ್ತೆ ಜಾರಿ ಬಿದ್ದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

“ಹೋದದ್ದು ಹೋಯಿತು ಮಾರಾಯ, ಇಳಿದ ಮೇಲೆ ಇನ್ನೊಂದು ಕೊಂಡರಾಯಿತು” ಎಂದು ಮ್ಯಾನೇಜರು ಸಮಾಧಾನ ಹೇಳಿದ. ಅಡುಗೆಯವನಿಗೆ ಇದ್ದದ್ದು ಒಂದೇ ಚಿಂತೆ. ತುಂಗಾಳಿಗೆ ಏನೆಂದು ಹೇಳುವುದು? ಬಿದ್ದದ್ದನ್ನು ಬಾಯಲ್ಲಿ ಹೇಳಬಹುದು, ಮುಖವನ್ನು ಹೇಳುವುದು ಹೇಗೆ? ಅಂದಿನ ಸಾಂಬಾರಿಗೆ ಅವನು ಮರೆತು ಮತ್ತೊಮ್ಮೆ ಉಪ್ಪು ಹಾಕಿದ. ತಂಡದವರಿಗೆ ವಿಷಯ ಗೊತ್ತಿತ್ತು. ಮಜ್ಜಿಗೆ ಬೆರೆಸಿಕೊಂಡು ತೆಪ್ಪಗೆ ಉಂಡರು.

ಮರುದಿನ ಬೆಳಿಗ್ಗೆ ಬಸ್ಸು ಬೆಟ್ಟ ಇಳಿಯಿತು. ಇಳಿಯಲು ಇದ್ದದ್ದು ಅದೊಂದೇ ದಾರಿ. ಒಂದು ಚಹಾ ಅಂಗಡಿಯ ಮುಂದೆ ಹೆಂಗಸೊಬ್ಬಳು ನಡುರಸ್ತೆಯಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಳು. ಮುಂಗೈಯಿಂದ ಕ್ಯಾಮೆರಾ ನೇತಾಡುತ್ತಿತ್ತು.

ಆಕೆ ಹಿಂದಿನ ದಿನವೇ ತನ್ನ ಬಸ್ಸನ್ನು ಬಿಟ್ಟು ಅಲ್ಲಿ ಇಳಿದಿದ್ದಳು. ಚಹಾ ಅಂಗಡಿಯವರ ಮನೆಯಲ್ಲಿ ತಂಗಿದ್ದಳು. ಬೆಳಗಾದದ್ದೇ ಇಳಿದು ಬಂದ ಬಸ್ಸನ್ನೆಲ್ಲ ನಿಲ್ಲಿಸಿ, ಜಾರಿ ಬಿದ್ದ ಫೋಟೋ ತೋರಿಸಿ, ಈ ಮನುಷ್ಯ ಇದ್ದಾನೆಯೇ ಎಂದು ಕೇಳುತ್ತಿದ್ದಳು.

ಅಡುಗೆಯವನು ಕೈಮುಗಿದ. ಒಂದು ಸಣ್ಣ ಕ್ಯಾಮೆರಾಕ್ಕಾಗಿ ಊರಿಗೆ ಹೋಗದೆ ಯಾಕೆ ಉಳಿದಿರಿ ಎಂದು ಮ್ಯಾನೇಜರ ಮೂಲಕ ಕೇಳಿಸಿದ.

ಆಕೆ ಹೇಳಿದಳು: “ಬರೀ ಬೆಟ್ಟದ ಫೋಟೋ ಇದ್ದಿದ್ದರೆ ಪೊಲೀಸರ ಕೈಗೆ ಕೊಟ್ಟು ಹೋಗಿಬಿಡುತ್ತಿದ್ದೆ. ಬಸ್ಸಿನಲ್ಲಿ ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ಈತನೇ. ಮುಖ ಕಾಣುವುದರಲ್ಲೆಲ್ಲ ಯಾರೋ ಎದುರಿಗೆ ಇದ್ದಾರೆ ಅನ್ನುವ ಹಾಗೆ ನಗುತ್ತಿದ್ದಾನೆ. ಆ ಯಾರೋ ಮನೆಯಲ್ಲಿ ಕಾದಿರಬೇಕು ಅನ್ನಿಸಿತು.”

ಅಡುಗೆಯವನ ಕಣ್ಣು ತುಂಬಿತು. ಅವನಿಗೆ ಗೊತ್ತಿದ್ದ ಉಪಕಾರ ಒಂದೇ. ಅಲ್ಲೇ ಒಲೆ ಹಚ್ಚಿ ಬಿಸಿಬಿಸಿ ಉಪ್ಪಿಟ್ಟು ಮಾಡಿ ಬಡಿಸಿದ. ಆಕೆ ಇನ್ನೊಂದಿಷ್ಟು ಹಾಕಿಸಿಕೊಂಡು ತಿಂದಳು. ಇಬ್ಬರನ್ನೂ ನಿಲ್ಲಿಸಿ ಮ್ಯಾನೇಜರು ಫೋಟೋ ತೆಗೆದ. ಅದೂ ಓರೆಯಾಗಿಯೇ ಬಂತು.

ಊರಿಗೆ ಬಂದ ಮೇಲೆ ತುಂಗಾ ಒಂದೊಂದನ್ನೂ ನಿಧಾನವಾಗಿ ನೋಡಿದಳು. ತಲೆಯಿಲ್ಲದ ಫೋಟೋ ನೋಡಿ, ಅಂಗಿಯ ಗುಂಡಿ ಹೋಗಿದೆಯಲ್ಲ ಎಂದು ಗದರಿದಳು. ಹಿಮದಲ್ಲಿ ಜಾರಿ ಬಿದ್ದ ಫೋಟೋ ಬಂದಾಗ ಎಷ್ಟು ನಕ್ಕಳೆಂದರೆ, ಏನಾಯಿತೋ ಎಂದು ಪಕ್ಕದ ಮನೆಯವರು ಬಂದರು. ನಗು ನಿಂತ ಮೇಲೆ ಅವನ ಮುಖವನ್ನೇ ಮತ್ತೆ ನೋಡಿದಳು. ಹೊರಗೆ ಸುಡು ಬಿಸಿಲಿತ್ತು.

“ಅಬ್ಬಾ, ಎಷ್ಟು ತಣ್ಣಗಿದೆ!” ಎಂದು ಸೆರಗನ್ನು ಭುಜದ ತುಂಬ ಹೊದ್ದುಕೊಂಡಳು.

ಗುರುಗಳು ಕತೆ ಮುಗಿಸಿ ಸಿಪ್ಪೆಯನ್ನು ಒಂದು ಬದಿಗೆ ಸರಿಸಿದರು.

ಗಿರಿಮಲ್ಲನ ಮುಖ ಅರಳಿತ್ತು. “ತಿಳಿಯಿತು, ಗುರುಗಳೇ. ನಾನೂ ಆ ಪುಟ್ಟ ಕ್ಯಾಮೆರಾವನ್ನೇ ಕೊಳ್ಳುತ್ತೇನೆ” ಎಂದ.

“ಅಂಗಡಿಯವರನ್ನೆಲ್ಲ ಕೇಳಿದೆ, ನನ್ನನ್ನೂ ಕೇಳಿದೆ, ಚಿತ್ರ ನೋಡುವವರನ್ನು ಕೇಳಿದೆಯಾ?” ಎಂದರು ಗುರುಗಳು.

ಗಿರಿಮಲ್ಲ ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು, ತನ್ನ ಚಿತ್ರಗಳನ್ನು ನೋಡುವವರು ಯಾರೆಂದು ಯೋಚಿಸತೊಡಗಿದ.