ಹಾಲಮ್ಮ ಕೂಗಿದ ಆರ್ಡರ್

ಹರಿಹರದ ಹೊಳೆದಂಡೆಯ ಹೋಟೆಲಿನಲ್ಲಿ ತಿಂಡಿ ಕೊಡುತ್ತಿದ್ದ ಹಾಲಮ್ಮ ಆರ್ಡರ್ ಕೂಗಿದರೆ, ಆಚೆ ದಡದಲ್ಲಿ ಉಳುತ್ತಿದ್ದ ಎತ್ತುಗಳು ನಿಂತುಬಿಡುತ್ತಿದ್ದವು. ಅದನ್ನು ಕಂಡವರೆಲ್ಲ ಈಗ ತೀರಿಕೊಂಡಿದ್ದಾರೆ, ಎತ್ತುಗಳೂ ಸೇರಿ. ಉಳಿದವನು ಈ ಕತೆ ಹೇಳುವ ಅಜ್ಜನೊಬ್ಬನೇ.

ಅಲ್ಲಿಗೆ ದಿನಾ ಮಂಡಿ ಸಾಹುಕಾರ ಬರುತ್ತಿದ್ದ. ಹಾಲಮ್ಮ ತಟ್ಟೆ ಇಡಲು ಬಗ್ಗಿದರೆ ಸೊಂಟಕ್ಕೆ ಕೈ ಹಾಕುತ್ತಿದ್ದ. ಅವಳು ಅತ್ತುಕೊಂಡು ಹೇಳಿದರೆ, "ದೊಡ್ಡ ಗಿರಾಕಿ ಕಣಮ್ಮ. ಆರ್ಡರ್ ಕೂಗೋದಷ್ಟೇ ನಿನ್ನ ಕೆಲಸ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ," ಅಂದರು ಹೋಟೆಲ್ ಯಜಮಾನರು. ಆ ಕೆಲಸ ಹೋದರೆ ಅವಳ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ.

ಮರುದಿನ ಮತ್ತೆ ಕೈ ಬಂತು. ಹಾಲಮ್ಮ ಅಡುಗೆಮನೆಗೆ ಕೂಗಿದಳು: "ಸಾಹುಕಾರರಿಗೆ ಒಂದು ಮಸಾಲೆ, ಒಂದು ಕಾಫಿ, ನನ್ನ ಸೊಂಟದ ಮೇಲೆ ಒಂದು ಕೈ."

ಕೇಳಿದ್ದನ್ನು ತಿರುಗಿ ಕೂಗುವುದು ಅಡುಗೆ ಭಟ್ಟರ ರೂಢಿ. ದೋಸೆ ಹುಯ್ಯುತ್ತಲೇ ಅವರೂ ಕೂಗಿದರು: "ಒಂದು ಮಸಾಲೆ, ಒಂದು ಕಾಫಿ, ಸೊಂಟದ ಮೇಲೆ ಒಂದು ಕೈ." ಇಡೀ ಹೋಟೆಲು ತಿರುಗಿ ನೋಡಿತು. ಗಾಬರಿಯಲ್ಲಿ ಸಾಹುಕಾರ ಆ ಕೈಯನ್ನು ಪಕ್ಕದವನ ಬಟ್ಟಲಿನ ಬಿಸಿ ಸಾಂಬಾರಿನಲ್ಲಿ ಅದ್ದಿದ.

"ಅವತ್ತಿಂದ ಈ ಸೀಮೆ ಹೋಟೆಲುಗಳಲ್ಲಿ ಒಬ್ಬನೂ ಕೈ ಚಾಚಿಲ್ಲ," ಅಂದ ಅಜ್ಜ.

ಕೇಳುತ್ತಿದ್ದ ಮೊಮ್ಮಗಳು ಗಿರಿಜವ್ವನೂ ಹೋಟೆಲಿನಲ್ಲೇ ಕೆಲಸಕ್ಕಿದ್ದಳು. "ಅಜ್ಜಾ, ನಿನ್ನೆ ಒಬ್ಬ ನನ್ನ ರಟ್ಟೆ ಹಿಡಿದಾಗ ನಾನೂ ಕೂಗಿದೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ."

ಅಜ್ಜ ಹೆಗಲ ಟವೆಲ್ಲು ಕೊಡವಿದ. "ಎತ್ತುಗಳು ನಿಂತದ್ದು ಎಷ್ಟು ನಿಜವೋ, ನಾನು ಹೇಳಿದ್ದೂ ಅಷ್ಟೇ ನಿಜ ಕಣವ್ವಾ."