ಮೆಲುಕಪ್ಪನ ಎಂಜಲು

ಮಕ್ಕಳೇ, ಅವರೆಗೆ ಒಂದು ವಾಸನೆ ಇದೆ. ಚಳಿಗಾಲದ ಬೆಳಗ್ಗೆ ಇಬ್ಬನಿಯಲ್ಲಿ ನೆಂದ ಕಾಯಿ ಸುಲಿದರೆ ಬೆರಳಿಗೆ ಅಂಟಿಕೊಂಡು ಮಧ್ಯಾಹ್ನವಾದರೂ ಬಿಡದ ವಾಸನೆ. ನಮ್ಮೂರಿನಲ್ಲಿ ಅದಕ್ಕೊಂದು ಹೆಸರಿತ್ತು. ಸೊ... ಸೊನೆ? ಅಲ್ಲ, ಸೊನೆ ಮಾವಿನಕಾಯಿಯದು. ಸೊ... ಬಾಯಿಗೆ ಬಂದೂ ಬರುತ್ತಿಲ್ಲ. ಈ ಊರಿಗೆ ಅವರೆ ಬರುವುದು ಪೊಟ್ಟಣದಲ್ಲಿ, ಮಂಜುಗಡ್ಡೆಯಂತಾಗಿ. ಮೂಸಿದರೆ ಏನೂ ನೆನಪಾಗುವುದಿಲ್ಲ. ಇರಲಿ, ಕತೆ ಹೇಳುತ್ತಿದ್ದರೆ ಅದೇ ಬಂದೀತು.

ಕಾಡಿನ ನಡುವೆ ಒಂದು ಪುಟ್ಟ ಕೊಳ. ಬಿಸಿಲೇರಿದರೂ ಮಂಜು ಹೊದ್ದುಕೊಂಡು ಮಲಗಿರುತ್ತಿದ್ದ ಕೊಳ. ಅದರ ಈ ದಡದಲ್ಲಿ ಅಕ್ಕ, ಆ ದಡದಲ್ಲಿ ತಂಗಿ, ಎರಡು ಅವರೆಬಳ್ಳಿಗಳು. ಒಂದೇ ಕಾಯಿಯ ಕಾಳುಗಳನ್ನು ನವಿಲೊಂದು ಅಲ್ಲೊಂದು ಇಲ್ಲೊಂದು ಬೀಳಿಸಿ ಹೋಗಿತ್ತು. ಅಕ್ಕನ ತುದಿಯಲ್ಲಿ ಒಂದೇ ಒಂದು ಹೂಗೊಂಚಲು ಮೊಗ್ಗು ಬಿಟ್ಟಿತ್ತು. ಅದು ಅರಳಿ ಕಾಯಾದರೆ ಮುಂದಿನ ಮಳೆಗೆ ಅವಳ ಮಕ್ಕಳು ಮೊಳೆಯಬೇಕು. ಅದು ಹೋದರೆ ಅವಳದು ಎಂಬುದು ಏನೂ ಉಳಿಯುವುದಿಲ್ಲ.

ಆ ಬಳ್ಳಿಗೆ ಒಂದು ಹಸಿರು ಎಲೆಹುಳು ಬಂದು ಸೇರಿತು. ಅದರ ಬಾಯಿ ಸುಮ್ಮನಿದ್ದ ಹೊತ್ತೇ ಇಲ್ಲವಾದ್ದರಿಂದ ಎಲ್ಲರೂ ಅದನ್ನು ಮೆಲುಕಪ್ಪ ಎನ್ನುತ್ತಿದ್ದರು.

"ಏನಮ್ಮಾ, ನೋವಾಯಿತೇ?" ಒಂದು ಎಲೆಯನ್ನು ತಿಂದು ಮುಗಿಸಿ ಮೆಲುಕಪ್ಪ ಕೇಳಿತು.

ಬಳ್ಳಿ ಮಾತಾಡಲಿಲ್ಲ.

"ಇಲ್ಲವಂತೆ!" ಎಂದು ನಕ್ಕು ಮುಂದಿನ ಎಲೆಗೆ ಬಾಯಿ ಹಾಕಿತು.

ಬುಡದಲ್ಲಿ ಕೊಳೆತ ಎಲೆ ಚಪ್ಪರಿಸುತ್ತಿದ್ದ ಬಸವನಹುಳು ಅಜ್ಜ ಕೊಂಬು ಎತ್ತಿದ. "ಮೆಲುಕಪ್ಪಾ, ಹೊಟ್ಟೆಗೆ ಬೇಕಾದಷ್ಟು ತಿಂದು ಹೋಗಪ್ಪ. ಅವಳಿಗೆ ಎಲ್ಲ ತಿಳಿಯುತ್ತದೆ."

"ಕಣ್ಣಿಲ್ಲ, ಕಿವಿಯಿಲ್ಲ, ಏನು ತಿಳಿಯುತ್ತದೆ ಅಜ್ಜಾ? ನಿನ್ನೆ ಗಾಳಿ ಬಂದು ಇವಳ ಎಲೆ ಹರಿಯಿತು. ಆಗಲೂ ಹೀಗೇ ನಿಂತಿದ್ದಳು."

"ಗಾಳಿ ಹರಿದ ಎಲೆ ಬೇರೆ, ನೀನು ಹರಿದ ಎಲೆ ಬೇರೆ. ಗಾಳಿಗೆ ಎಂಜಲಿಲ್ಲವಲ್ಲ."

"ಈ ಮಾತು ಹೇಳುವುದಕ್ಕೇ ನಿನಗೆ ಅರ್ಧ ದಿನ ಹಿಡಿಯಿತು. ಸುಮ್ಮನೆ ಚಿಪ್ಪಿನೊಳಗೆ ಹೋಗಿ ಮಲಗಜ್ಜಾ!"

ಅಷ್ಟರಲ್ಲಿ ಬಳ್ಳಿಯ ಎಲೆಗಳಿಂದ ಏನೋ ಒಂದು ಎದ್ದಿತು. ಕಾಣುವಂಥದ್ದಲ್ಲ, ಕೇಳುವಂಥದ್ದೂ ಅಲ್ಲ. ಕನಸು ಕಾಣುವವರ ಉಸಿರಿನಂತೆ ತೆಳ್ಳಗೆ ಹೊರಟು ಮಂಜಿನ ಮೇಲೆ ತೇಲುತ್ತಾ, ನೀರು ದಾಟಿ, ತಂಗಿಯ ಎಲೆಗಳನ್ನು ಸವರಿತು. ತಂಗಿ ಒಮ್ಮೆ ಮೈ ಜುಮ್ಮೆಂದು ನಿಂತಳು. ಅವಳ ಎಲೆಗಳೊಳಗೆ ನಿಧಾನವಾಗಿ ಕಹಿ ಏರತೊಡಗಿತು.

ಸಂಜೆಯ ಹೊತ್ತಿಗೆ ಅಕ್ಕನ ಎಲೆಗಳೆಲ್ಲ ಜರಡಿಯಾಗಿದ್ದವು. ಕೊಳಕ್ಕೆ ಅಡ್ಡ ಬಿದ್ದಿದ್ದ ಬಿದಿರಿನ ಮೇಲೆ ತೆವಳಿಕೊಂಡು ಮೆಲುಕಪ್ಪ ಬೆಳಗಿನ ಹೊತ್ತಿಗೆ ತಂಗಿಯ ಬಳಿ ಹೋಯಿತು. ಒಂದು ಬಾಯಿ ತಿಂದಿತು. "ಥೂ, ಥೂ!"

ಉಗುಳುತ್ತಾ ಬಂದ ದಾರಿಯಲ್ಲೇ ಹಿಂದಿರುಗಿತು.

"ಬಂದೆಯಾ?" ಎಂದ ಅಜ್ಜ.

"ಅವಳಿಗೆ ಏನೋ ರೋಗ ಅಜ್ಜಾ, ಬಾಯಿಗಿಡುವ ಹಾಗಿಲ್ಲ. ನಮ್ಮಕ್ಕನೇ ವಾಸಿ. ತುದಿಯಲ್ಲಿ ಮೊಗ್ಗಿದೆಯಲ್ಲ, ಇವತ್ತು ಅದೇ ಹಬ್ಬದೂಟ."

"ಬೇಡವೋ! ಅದೊಂದನ್ನು ಬಿಟ್ಟುಬಿಡು!"

"ಬೇಡ ಅನ್ನುವುದಾದರೆ ಅವಳೇ ಅನ್ನಲಿ."

ಮೆಲುಕಪ್ಪ ತುದಿಗೇರಿ ಮೊಗ್ಗಿನ ತೊಟ್ಟಿಗೆ ಬಾಯಿ ತೆರೆಯಿತು. ಅದರ ಮೇಲೆ ಸಣ್ಣ ನೆರಳೊಂದು ಬಿತ್ತು. ಜುಂಯ್ ಎಂದು ಕಣಜವೊಂದು ಇಳಿದು ಅದರ ಕುತ್ತಿಗೆ ಹಿಡಿಯಿತು.

"ಅಯ್ಯೋ ಕಣಜಕ್ಕಾ! ಎಲೆಯ ಬಣ್ಣವೇ ನನ್ನ ಬಣ್ಣ. ನಾನಿಲ್ಲಿರುವುದು ನಿನಗೆ ಯಾರು ಹೇಳಿದರು? ಆ ಅಜ್ಜನ ಚಾಡಿ ತಾನೇ?"

"ನಿಮ್ಮಜ್ಜ ಇವತ್ತು ಹೊರಟರೆ ನಮ್ಮನೆಗೆ ಯುಗಾದಿಗೆ ಬರುತ್ತಾನೆ," ಎಂದಿತು ಕಣಜ. "ನಿನ್ನೆಯಿಂದ ಗಾಳಿಯ ತುಂಬ ಒಂದೇ ವಾಸನೆ. ನಿನ್ನ ಎಂಜಲು ಬಿದ್ದ ಒಂದೊಂದು ಎಲೆಯೂ ನನ್ನನ್ನು ಕರೆಯುತ್ತಿತ್ತು. ಆ ಎಳೆ ಹಿಡಿದುಕೊಂಡೇ ಬಂದೆ."

"ಆದರೆ ಅವಳು... ಅವಳು ಮಾತೇ ಆಡಲಿಲ್ಲ!"

"ನಿನ್ನ ಜೊತೆ ಆಡಲಿಲ್ಲ," ಎಂದು ಕಣಜ ಅದನ್ನು ಹೊತ್ತುಕೊಂಡು ಮಂಜಿನೊಳಗೆ ಹಾರಿಹೋಯಿತು.

ಕೆಲವು ದಿನ ಕಳೆದ ಮೇಲೆ ಜರಡಿಯಂಥ ಎಲೆಗಳ ನಡುವೆ ಬಿಳಿಯ ಹೂಗೊಂಚಲು ಅರಳಿತು. ಹೂ ಕಾಯಾಯಿತು. ಬಸವನಹುಳು ಅಜ್ಜ ಕೆಳಗೆ ಕೂತು ಆ ಕಾಯಿಗಳ... ಸೊಗಡು! ಸೊಗಡು ಅಂತಲೇ ನಾವು ಅನ್ನುತ್ತಿದ್ದದ್ದು. ಆ ಸೊಗಡನ್ನು ಮೂಸುತ್ತಾ ಕಣ್ಣು ಮುಚ್ಚಿದ.

ಮೇದಿನಿ, ಪುಟ್ಟಾ, ಮತ್ತೆ ಮರೆತುಬಿಡುತ್ತೇನೆ. ಆ ಪದವನ್ನು ಬರೆದಿಡಮ್ಮ. ಅದರ ಕೆಳಗೆ ಇದನ್ನೂ ಬರೆ:

ನೀತಿ: ಬಾಯಿಲ್ಲದವರಿಗೆ ನೋವೂ ಇಲ್ಲವೆಂದು ತಿಳಿಯಬಾರದು, ನಮಗೆ ಕೇಳದ ಅವರ ಕೂಗು ಇನ್ನೊಬ್ಬರಿಗೆ ಕೇಳಿಸುತ್ತಿರುತ್ತದೆ.