ಪೇರಲ ತೋಟದ ನೊಣ

“ಅಜ್ಜಾರ, ನಾಳೆ ಪಂಕ್ತಿಯೊಳಗ ಎಲ್ಲಾರ ಮುಂದ ಬಸಲಿಂಗನ್ನ ನಿಲ್ಲಿಸಿ ಕೇಳಲೇನ್ರಿ?” ಎಂದು ಶಿಷ್ಯ ಅಡಿವೆಯ್ಯ ಮಠದ ಗುರುಗಳಾದ ಅಜ್ಜರನ್ನು ಕೇಳಿದ.

ದಾಸೋಹದ ಉಗ್ರಾಣದಲ್ಲಿ ಬೆಲ್ಲ ಕಡಿಮೆಯಾಗುತ್ತಿತ್ತು. ಬೀಗದ ಕೈ ಇದ್ದುದು ಬಸಲಿಂಗನ ಬಳಿ. ಬೇರೆ ನೆಲೆಯಿಲ್ಲದೆ ಮೊನ್ನೆ ಮೊನ್ನೆ ಮಠಕ್ಕೆ ಬಂದು ಸೇರಿದವನು ಅವನು. ಕದ್ದಿದ್ದರೆ ತಿಳಿಯುತ್ತದೆ, ಕದಿಯದಿದ್ದರೆ ಅದೂ ತಿಳಿಯುತ್ತದೆ, ಅವನಿಗೇನು ನಷ್ಟ ಎಂಬುದು ಅಡಿವೆಯ್ಯನ ವಾದ. ಅವನ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನಿಜ ತಿಳಿಯುವ ಆತುರವಿತ್ತು, ಅಷ್ಟೇ. ಅಜ್ಜ ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ರೈತನಿಗೆ ಪೇರಲ ತೋಟವಿತ್ತು. ಒಂದು ವರ್ಷ ಯಾವ ಹಣ್ಣು ಹೋಳು ಮಾಡಿದರೂ ಹುಳು. ತೋಟದಲ್ಲಿ ಎರಡು ಜಾತಿಯ ನೊಣಗಳಿದ್ದವು. ಒಂದು ಗಟ್ಟಿ ಹಣ್ಣನ್ನೇ ಚುಚ್ಚಿ ಮೊಟ್ಟೆಯಿಡುತ್ತಿತ್ತು. ಇನ್ನೊಂದು ಸಾಧು, ಕೆಳಗೆ ಬಿದ್ದು ಕೊಳೆತದ್ದನ್ನಷ್ಟೇ ತಿನ್ನುತ್ತಿತ್ತು. ನೋಡಲು ಎರಡೂ ಒಂದೇ. ಸಾಧು ನೊಣವನ್ನು ಕೊಲ್ಲಲು ರೈತನಿಗೆ ಮನಸ್ಸಿರಲಿಲ್ಲ. ಬಲ್ಲವರೊಬ್ಬರು ಉಪಾಯ ಹೇಳಿಕೊಟ್ಟರು: ರೆಕ್ಕೆಯಲ್ಲಿ ನರಗಳು ಕೂಡುವ ಜಾಗಗಳನ್ನು ಗುರುತಿಸಿ, ಅವುಗಳ ನಡುವಿನ ದೂರ ಅಳೆದರೆ ಜಾತಿ ತಿಳಿಯುತ್ತದೆ.

ಮನೆಯಲ್ಲಿ ತೆರೆದಿಟ್ಟ ಬೆಲ್ಲದ ಪಾಕದ ಬಾಟಲಿಯಲ್ಲಿ ತಾವಾಗಿಯೇ ಬಿದ್ದು ಸತ್ತ ನೊಣಗಳಿಗೆ ಬರವಿರಲಿಲ್ಲ. ರೈತ ಅವುಗಳ ರೆಕ್ಕೆ ಬಿಡಿಸಿ, ಗಾಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ಅಳೆದು ಅಳೆದು ಕೈ ಪಳಗಿಸಿಕೊಂಡ.

ಒಂದು ಬೆಳಿಗ್ಗೆ ಜೀವಂತ ನೊಣವೇ ಕೈಗೆ ಸಿಕ್ಕಿತು. ಕೊಲ್ಲಬೇಕೋ ಬಿಡಬೇಕೋ ತಿಳಿಯಬೇಕಲ್ಲ. ರೂಢಿಯಂತೆ ಅದರ ಒಂದು ರೆಕ್ಕೆ ಬಿಡಿಸಿ ಗಾಜಿನ ಮೇಲಿಟ್ಟ. ಒಂದು ಸಲವಲ್ಲ, ಮೂರು ಸಲ ಅಳೆದ. ಸಾಧು ನೊಣವೇ. ಅವನಿಗೆ ಹಿಗ್ಗೋ ಹಿಗ್ಗು.

“ನಿಂದೇನೂ ತಪ್ಪಿಲ್ಲ, ಹೋಗಪಾ” ಎಂದು ಅಂಗೈ ಬಿಚ್ಚಿದ.

ನೊಣ ಬೆರಳ ತುದಿಯವರೆಗೆ ನಡೆದು ಬಂತು. ಉಳಿದ ಒಂದೇ ರೆಕ್ಕೆಯನ್ನು ಬಡಿಯಿತು, ಕೆಳಗೆ ಬಿತ್ತು. ರೈತ ಗಾಬರಿಯಾದ. ಗಾಜಿನ ಮೇಲಿದ್ದ ರೆಕ್ಕೆಯನ್ನು ತೆಗೆದು, ಎಂಜಲು ಹಚ್ಚಿ ಅದರ ಬೆನ್ನಿಗೆ ಅಂಟಿಸಲು ನೋಡಿದ. ಅಂಟಲಿಲ್ಲ.

ಅಜ್ಜ ಕತೆಯನ್ನು ಅಲ್ಲಿಗೇ ಮುಗಿಸಿದರು. ಅಡಿವೆಯ್ಯನಿಗೆ ತಡೆಯಲಾಗಲಿಲ್ಲ. ಹಾಗಾದರೆ ಅಳತೆಯಲ್ಲೇ ಏನೋ ತಪ್ಪಿತ್ತೇ ಎಂದು ಕೇಳಿದ.

“ಅಳತಿ ಸರೀನ ಬಂದಿತ್ತಪ್ಪಾ; ರೆಕ್ಕಿ ಅಷ್ಟ ಅವನ ಕೈಯಾಗ ಉಳೀತು.”